ಕಂದಿಯ ಜೇಬು

ದೇವರು ಮನುಷ್ಯನನ್ನು ಭೂಮಿಗೆ ಕಳಿಸುವಾಗ ಒಂದು ಕಸುಬನ್ನೂ ಒಂದು ಅಂಜಿಕೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕಳಿಸುತ್ತಾನೋ ಏನೋ. ಈ ಸೋಫಾದವನಿಗೆ ಸಿಕ್ಕ ಕಸುಬು, ಹಳೆಯ ಸೋಫಾ ಕುರ್ಚಿಗಳಿಗೆ ಹೊಸ ಬಟ್ಟೆ ತೊಡಿಸುವುದು. ಸಿಕ್ಕ ಅಂಜಿಕೆ ಕುದುರೆಯದು. ಇವೆರಡೂ ಜೀವಮಾನವಿಡೀ ಒಂದನ್ನೊಂದು ಮುಟ್ಟದೆ ಇದ್ದುಬಿಡಬಹುದಿತ್ತು. ಆದರೆ ಅದೇ ದೇವರು ಅವನಿಗೆ ಕುದುರೆ ಹುಚ್ಚಿನ ಹೆಂಡತಿಯನ್ನೂ ಕೊಟ್ಟಿದ್ದ.

ಅವಳು ವಾರವಿಡೀ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವಳು. ರಜೆಯ ದಿನ ಬೆಳಗಾದರೆ ಊರಂಚಿನ ಕುದುರೆ ಲಾಯಕ್ಕೆ ಓಡುವಳು. ಅಲ್ಲಿ ಕಂದಿ ಎಂಬ ಕಂದು ಬಣ್ಣದ ಹೆಣ್ಣುಕುದುರೆ ಇತ್ತು. ವಯಸ್ಸಿದ್ದಾಗ ಅದರ ಬೆನ್ನೇರಿ ಸವಾರಿಯ ಪ್ರದರ್ಶನಗಳಿಗೆ ಹೋದವಳು ಅವಳು. ಮಕ್ಕಳಾದವು, ಮನೆಯ ಕೆಲಸ ಹೆಗಲೇರಿತು, ಪ್ರದರ್ಶನ ನಿಂತಿತು. ಕಂದಿಯ ಸಂಗ ಮಾತ್ರ ಬಿಡಲಿಲ್ಲ. ಮೈ ತಿಕ್ಕುವುದು, ಗೊರಸು ನೋಡುವುದು, ಕಿವಿಯಲ್ಲಿ ಏನೋ ಪಿಸುಗುಟ್ಟುವುದು, ಲಾಯದ ಅಂಗಳದಲ್ಲೇ ಒಂದೆರಡು ಸುತ್ತು ಹಾಕುವುದು. ಗಂಡ ಅವಳನ್ನು ಕರೆದೊಯ್ಯಲು ಬಂದರೆ ಗೇಟಿನಾಚೆಯೇ ನಿಂತು ಕೇಳುವನು.

"ನಿನ್ನ ಮಹಾರಾಣಿಯವರು ಕ್ಷೇಮವಾ?"

"ಒಳಗೆ ಬಂದು ನೀವೇ ಕೇಳಿ."

"ಇಲ್ಲಿಂದಾನೇ ಕಾಣ್ತಾರೆ ಬಿಡು. ಹಲ್ಲು ಸಮೇತ ಕಾಣ್ತಾರೆ."

ಹೀಗಿರುವಾಗ ಲಾಯದ ಯಜಮಾನಿ ಒಂದು ದಿನ ಅವಳನ್ನು ಪಕ್ಕಕ್ಕೆ ಕರೆದಳು. ಕಂದಿಗೆ ವಯಸ್ಸಾಯಿತು, ಚಳಿ ಕಳೆದ ಮೇಲೆ ನಡೆಯುವ ಪ್ರದರ್ಶನವೇ ಅದಕ್ಕೆ ಕೊನೆಯದು, ಆಮೇಲೆ ಹಿಂದಿನ ಹುಲ್ಲುಗಾವಲಿಗೆ ಬಿಟ್ಟುಬಿಡುತ್ತೇನೆ ಎಂದಳು. "ಕೊನೇ ಸಲ ನೀನೇ ಹತ್ತಬೇಕು ಕಣೇ. ಮೊದಲ ಸಲ ಅವಳನ್ನ ಕಣಕ್ಕೆ ಇಳಿಸಿದವಳು ನೀನಲ್ವಾ?"

ಆ ದಿನ ಹೆಂಡತಿಯ ಕಾಲು ನೆಲದ ಮೇಲಿರಲಿಲ್ಲ. ಮನೆಗೆ ಬಂದವಳೇ ಟ್ರಂಕು ತೆಗೆದು ಹಳೆಯ ಸವಾರಿ ಕೋಟನ್ನು ಹೊರಗೆಳೆದಳು. ಇಟ್ಟಿಗೆ ಬಣ್ಣದ ಉಣ್ಣೆಯ ಕೋಟು. ಭುಜದಲ್ಲಿ ಎರಡು ದಿಂಬು ಇಟ್ಟಂಥ ಪ್ಯಾಡು, ಮುಂದೆ ಹೊಳೆಯುವ ಹಿತ್ತಾಳೆ ಗುಂಡಿಗಳು, ಉದ್ದ ತೊಡೆಯ ಅರ್ಧಕ್ಕೆ. ಜೊತೆಗೆ ತೊಡೆಯಲ್ಲಿ ಗಾಳಿ ತುಂಬಿಸಿದಂತೆ ಉಬ್ಬಿಕೊಂಡ ಪ್ಯಾಂಟು. ಮುಂದಿನ ರಜೆಗೆ ಅದನ್ನೇ ತೊಟ್ಟು ಅಭ್ಯಾಸಕ್ಕೆ ಹೋದಳು. ಅಲ್ಲಿ ಸವಾರಿ ಕಲಿಯುತ್ತಿದ್ದ ಕಾಲೇಜಿನ ಹುಡುಗಿಯೊಬ್ಬಳು ಮುಗ್ಧವಾಗಿಯೇ ಕೇಳಿದಳು. "ಆಂಟಿ, ಕೋಟು ಸಖತ್ತಾಗಿದೆ. ನಾಟಕದ್ದಾ?" ಸುತ್ತಲಿದ್ದವರು ಕಿಸಕ್ಕೆಂದು ನಕ್ಕರು. ಈಗಿನವರ ಕೋಟುಗಳು ಕಡುನೀಲಿ, ಮೈಗಂಟಿದ ಹಾಗೆ, ಸೊಂಟದ ಕೆಳಗೆ ಗೇಣುದ್ದ ಮಾತ್ರ.

ಸಂಜೆ ಅವಳು ಅಡುಗೆಮನೆಯ ಮಣೆಯ ಮೇಲೆ ಕೋಟನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಾ ಕೂತಿದ್ದಳು.

"ನಾನು ಹತ್ತಲ್ಲ ರೀ."

"ಯಾರೋ ನಾಲ್ಕು ಜನ ನಕ್ಕಿದ್ದಕ್ಕಾ?"

"ನನ್ನ ನೋಡಿ ನಕ್ಕರೆ ನಗಲಿ. ಕಂದಿಯ ಕೊನೇ ದಿನ ಜನ ಅವಳ ಬೆನ್ನ ಕಡೆ ನೋಡಿ ನಗಬಾರದು. ಯಾರಾದ್ರೂ ಚೆನ್ನಾಗಿ ಕಾಣೋರು ಹತ್ತಲಿ."

ಹೊಸದು ತಗೊಳ್ಳೋಣ ಎಂದು ಅವನು ಬಾಯಿ ತೆರೆದ. ಅವಳು ತಲೆಯೆತ್ತಿ ಸೂರು ನೋಡಿದಳು. ಇದ್ದ ಹಣವೆಲ್ಲ ಸುರಿದು ಅದನ್ನು ರಿಪೇರಿ ಮಾಡಿಸಿ ಇನ್ನೂ ಸಿಮೆಂಟು ಒಣಗಿರಲಿಲ್ಲ. ಅವನು ತೆರೆದ ಬಾಯಿ ಮುಚ್ಚಿ, ಕೈ ಚಾಚಿದ.

"ಕೊಡು ಇಲ್ಲಿ."

"ಇದು ಸೋಫಾ ಅಲ್ಲ ರೀ."

"ಸೋಫಾನೇ. ಎರಡು ಕೈ, ಒಂದು ಬೆನ್ನು. ಇದು ಎದ್ದು ಓಡಾಡುತ್ತೆ ಅನ್ನೋದೊಂದೇ ಕಷ್ಟ."

ಅಳುತ್ತಿದ್ದವಳಿಗೆ ನಗು ಬಂತು. ಅಷ್ಟಕ್ಕೆ ಅರ್ಧ ಕೆಲಸ ಮುಗಿದಂತಾಯಿತು ಎಂದುಕೊಂಡ ಅವನು.

ಮಿಕ್ಕರ್ಧ ಅಷ್ಟು ಸುಲಭವಿರಲಿಲ್ಲ. ಮೊದಲಿಗೆ ಅಂಗಡಿಯಲ್ಲಿ ಕೋಟನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ಹೊಲಿಗೆ ಬಿಚ್ಚಿ, ಭುಜದ ಪ್ಯಾಡುಗಳನ್ನು ಹೊರತೆಗೆದ. ಹಾಳು ಮಾಡಲು ಮನಸ್ಸು ಬಾರದೆ ಒಂದು ಸ್ಟೂಲಿನ ಮೆತ್ತೆಗೆ ಸೇರಿಸಿದ. ಜೇಬುಗಳನ್ನು ಹೊರಮಗುಚಿದಾಗ ಬಲಜೇಬಿನಿಂದ ಒಣಗಿ ಕಟ್ಟಿಗೆಯಾದ ಕ್ಯಾರೆಟ್ ತುಂಡೊಂದು ಟಣ್ಣೆಂದು ನೆಲಕ್ಕೆ ಬಿತ್ತು. "ಎಲ್ಲಾ ಕಸ ಇಲ್ಲೇ ತುಂಬಿದಾಳೆ" ಎಂದು ಗೊಣಗಿ ಗುಡಿಸಿ ಹಾಕಿದ. ಆಮೇಲೆ ಕೋಟನ್ನು ಬಣ್ಣ ಹಾಕುವವನ ಹತ್ತಿರ ಕೊಂಡೊಯ್ದ. ಉಣ್ಣೆ ಕುಗ್ಗಿದರೆ ನನ್ನನ್ನು ಕೇಳಬೇಡ ಎಂದು ಆತ ಹೆದರಿಸಿದ. ಇಟ್ಟಿಗೆ ಬಣ್ಣದ ಕೋಟು ಕಡುನೀಲಿಯಾಗಿ ಮರಳಿತು. ಬಿಸಿಲಿಗೆ ಹಿಡಿದರೆ ಒಳಗೆಲ್ಲೋ ಒಂದು ಕೆಂಪು ಮಿನುಗುತ್ತಿತ್ತು, ಮೋಡದ ಹಿಂದಿನ ಸಂಜೆಯ ಹಾಗೆ.

ಅಳತೆಯೇ ದೊಡ್ಡ ಪೇಚು. ಕೋಟು ಹೊಲಿಯುವವರು ನಿಂತ ಮೈಯನ್ನು ಅಳೆಯುತ್ತಾರೆ. ಇವನು ಹುಟ್ಟಿದಾಗಿನಿಂದ ಕೂತ ವಸ್ತುಗಳನ್ನೇ ಅಳೆದವನು. ಕುದುರೆಯ ಮೇಲಾದರೂ ಕೂತೇ ಇರುತ್ತಾಳಲ್ಲ ಎಂದು, ಯಾರೋ ಗಿರಾಕಿಯ ಮೂರಾಳು ಸೋಫಾದ ಕೈಯ ಮೇಲೆ ಹೆಂಡತಿಯನ್ನು ಕಾಲು ಎರಡೂ ಬದಿ ಹಾಕಿ ಕೂರಿಸಿದ. ಲಗಾಮಿನ ಬದಲು ಕೈಗೆ ಎರಡು ಕ್ಯಾನ್ವಾಸ್ ಪಟ್ಟಿ ಕೊಟ್ಟ. ಸೀಮೆಸುಣ್ಣ, ಸೂಜಿ ಹಿಡಿದು ಅವಳ ಬೆನ್ನಿನ ಸುತ್ತ ಸುತ್ತುತ್ತಿದ್ದಾಗ, ಮಹಡಿಯ ಮೇಲೆ ವಾಸವಿದ್ದ ಅವನ ಅಕ್ಕ ಕೆಳಗಿಳಿದು ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು.

"ಎಲ್ಲಿಗಮ್ಮಾ ಪ್ರಯಾಣ? ದೂರಾನಾ, ಇಲ್ಲೇ ಪಕ್ಕದ ಕೋಣೆಗಾ?"

"ಅತ್ತಿಗೆ, ನಗಿಸ್ಬೇಡಿ, ಸೂಜಿ ಚುಚ್ಚುತ್ತೆ."

"ಲೋ, ಆ ಕುದುರೆಗೆ ಸ್ಪ್ರಿಂಗ್ ಸರಿ ಇದೆಯೇನೋ? ನೋಡು, ಎತ್ತಿ ಹಾಕೀತು."

ಹೀಗೆ ಅಣಕಿಸಿದವಳೇ ಮರುದಿನ ಅವಳಿಗೊಂದು ಬಿಳಿ ಪ್ಯಾಂಟು ತಂದಳು. ಅಕ್ಕ ಯಾರಿಗೂ ಹೇಳದೆ ಲಾಯಕ್ಕೆ ಹೋಗಿ, ನಾಟಕದ್ದಾ ಎಂದು ಕೇಳಿದ ಅದೇ ಹುಡುಗಿಯ ಹತ್ತಿರ, ಅವಳಿಗೆ ಸಡಿಲವಾಗಿದ್ದ ಸವಾರಿ ಪ್ಯಾಂಟನ್ನು ಅರ್ಧ ಬೆಲೆಗೆ ಎತ್ತಿಕೊಂಡು ಬಂದಿದ್ದಳು. "ನಗಿಸಿದ್ದಕ್ಕೆ ದಂಡ ಅಂತ ಹೇಳಿದೆ. ಪಾಪ, ಒಳ್ಳೇ ಹುಡುಗಿ, ಕೆಂಪಗಾಗಿಬಿಟ್ಟಳು." ಸವೆದಿದ್ದ ಮಂಡಿಗೆ ಸೋಫಾದವನು ತನ್ನಲ್ಲಿ ಉಳಿದಿದ್ದ ಮೆದು ಚರ್ಮದಂಥ ಬಟ್ಟೆಯನ್ನು ಒತ್ತುಕೊಟ್ಟು ಹೊಲಿದ. ಹಳೆಯ ಸವಾರಿ ಬೂಟು ಕಾಲಿಗೇರದಾಗ ಚಮ್ಮಾರ ಹಿಂದೆ ಸೀಳಿ ಜಿಪ್ ಕೂರಿಸಿದ. ಪರದೆಯ ಅಸ್ತರಿಗೆ ತಂದ ಬಿಳಿ ಬಟ್ಟೆಯಲ್ಲಿ ಕೊರಳಪಟ್ಟಿಯಾಯಿತು. ಹೊಸದಾಗಿ ಕೊಂಡದ್ದು ಹೆಲ್ಮೆಟ್ಟು ಮಾತ್ರ. ಹಳೆಯ ಮಖಮಲ್ ಟೋಪಿಯೇ ಸಾಕು, ಬ್ರಷ್ ಹಾಕಿದರಾಯಿತು ಎಂದು ಅವಳೆಂದಳು. ಅವನು ಒಪ್ಪಲಿಲ್ಲ. "ಮಿಕ್ಕಿದ್ದೆಲ್ಲ ಹಳೇದಾಗಲಿ. ಈ ತಲೆ ನನಗೆ ಇನ್ನೂ ಬಹಳ ದಿನ ಬೇಕು" ಎಂದ.

ಅವಳು ಹಳೆಯ ಟೋಪಿಯನ್ನು ಮತ್ತೆ ಟ್ರಂಕಿಗೆ ಹಾಕಿದಳು.

ಪ್ರದರ್ಶನದ ದಿನ ಬೆಳಿಗ್ಗೆ ಅವಳು ಕಂದಿಯ ಮೈ ತಿಕ್ಕಲು ಮುಂಚೆಯೇ ಹೋಗಿದ್ದಳು. ಅವನು ಅಂಗಡಿಯಲ್ಲಿ ಕೂತು ಕೋಟಿನ ಕಡೆಯ ಕೆಲಸ ಮುಗಿಸಿದ. ಒಳಗೆ ಹಳದಿ ಹೂವಿನ ಚಿಕ್ಕ ಚಿಕ್ಕ ಚಿತ್ತಾರದ ಅಸ್ತರಿ ಹಾಕಿದ್ದ. ಹೊರಗೆ ಯಾರಿಗೂ ಕಾಣುವುದಿಲ್ಲ, ತೊಡುವವಳಿಗೆ ಮಾತ್ರ ಗೊತ್ತು. ಸಣ್ಣ ಕಪ್ಪು ಗುಂಡಿಗಳನ್ನು ಕೂರಿಸಿ ನೋಡಿದರೆ ಬಲಜೇಬು ಮಾತ್ರ ಬಾಯಿ ಬಿಟ್ಟುಕೊಂಡಿತ್ತು. ವರ್ಷಗಟ್ಟಲೆ ಕೈ ಹೋಗಿ ಬಂದು ಬಟ್ಟೆ ಜಗ್ಗಿತ್ತು. ಮೇಲಿನ ಪಟ್ಟಿ ಸಪಾಟಾಗಿ ಕೂರಲೊಲ್ಲದು.

ಇಲ್ಲಿ ಅವನ ಕಸುಬಿನ ಗುಣವೊಂದನ್ನು ಹೇಳಬೇಕು. ಸೋಫಾ ರಿಪೇರಿಯವರಿಗೆ ತೆರೆದ ಸಂದು ಕಂಡರೆ ಆಗದು. ಸಂದಿಯಲ್ಲಿ ಚಿಲ್ಲರೆ ಬೀಳುತ್ತದೆ, ಓಲೆ ಬೀಳುತ್ತದೆ, ಒಮ್ಮೆ ಯಾರೋ ಅಜ್ಜನ ಹಲ್ಲಿನ ಸೆಟ್ಟೇ ಸಿಕ್ಕಿತ್ತು. ಆದ್ದರಿಂದ ಕೈ ತಾನಾಗಿ ಮುಚ್ಚುತ್ತಾ ಹೋಗುತ್ತದೆ. ಅವನು ಮೇಣ ಹಚ್ಚಿದ ದಾರ ಪೋಣಿಸಿದ ಡೊಂಕು ಸೂಜಿಯಿಂದ ಜೇಬಿನ ಬಾಯನ್ನು ಸಣ್ಣಗೆ, ಗಟ್ಟಿಯಾಗಿ, ಗಂಟಿನ ಮೇಲೆ ಗಂಟು ಹಾಕಿ ಹೊಲಿದುಬಿಟ್ಟ. ಪ್ರತಿ ಸೋಫಾದ ಕೊನೆಯ ಹೊಲಿಗೆಗೆ ಹೇಳುವಂತೆ, "ಇದರ ಮೇಲೆ ಕೂತವರು ಸುಖವಾಗಿರಲಿ, ದೇವರೇ" ಎಂದ. ಆಮೇಲೆ ಕೂರುವುದು ಇದರ ಮೇಲಲ್ಲ ಎಂದು ಹೊಳೆದು, "ಇದರೊಳಗೆ ಕೂತವಳು" ಎಂದು ತಿದ್ದಿದ. ಸೂಜಿಯನ್ನು ಅಭ್ಯಾಸದಂತೆ ಅಂಗಿಯ ಕಾಲರಿಗೆ ಚುಚ್ಚಿಕೊಂಡ. ಕೋಟನ್ನು ಚೀಲದಲ್ಲಿ ಹಾಕಿಕೊಂಡು ಅಕ್ಕನೊಡನೆ ಹೊರಟ.

ಕಣದ ಸುತ್ತ ಕಟಕಟೆ, ಕಟಕಟೆಯ ಸುತ್ತ ಜನ. ಹೆಂಡತಿ ಹಳೆಯ ಸ್ವೆಟರಿನಲ್ಲೇ ಕಂದಿಯನ್ನು ಒಂದಷ್ಟು ಸುತ್ತು ಆಡಿಸಿ ಇಳಿದಿದ್ದಳು. ಅವನು ಕಟಕಟೆಯಾಚೆಯಿಂದಲೇ ಚಾಚಿದ ಕೋಟು ತೊಟ್ಟಳು. ಗುಂಡಿ ಹಾಕಿದಳು. ಹೆಗಲು ಹೆಗಲಾಗಿತ್ತು, ಸೊಂಟ ಸೊಂಟವಾಗಿತ್ತು. ಆ ಕಾಲೇಜಿನ ಹುಡುಗಿಯೇ ಓಡಿಬಂದು, "ಆಂಟಿ, ಎಲ್ಲಿ ತಗೊಂಡ್ರಿ?" ಎಂದಳು.

"ಮನೆಯಲ್ಲೇ ಸಿಗುತ್ತೆ. ಆದರೆ ಅಂಗಡಿಯವನು ಮಾರಾಟಕ್ಕಿಲ್ಲ" ಎಂದಳು ಅವನ ಅಕ್ಕ.

ಎಲ್ಲ ನಗುತ್ತಿರುವಾಗಲೇ ತೊಡಕಾಯಿತು. ಕಂದಿ ಕತ್ತು ಚಾಚಿ ಕೋಟನ್ನು ಮೂಸಿತು. ಹೊಸ ಬಣ್ಣದ ವಾಸನೆ. ಕಿವಿ ಹಿಂದಕ್ಕೆ ಹೋಯಿತು. ಮೂತಿಯನ್ನು ಬಲಜೇಬಿಗೆ ಒತ್ತಿತು, ಇನ್ನೊಮ್ಮೆ ಒತ್ತಿತು. ಹೆಂಡತಿ ಕೈಯಲ್ಲಿದ್ದ ಕ್ಯಾರೆಟ್ ತುಂಡನ್ನು ಜೇಬಿಗೆ ಇಳಿಸಲು ಹೋಗಿ ನಿಂತಳು. ಬೆರಳಿಗೆ ದಾರಿಯಿರಲಿಲ್ಲ.

ಮೊದಲ ದಿನದಿಂದಲೂ ಅವರಿಬ್ಬರ ಕಟ್ಟಳೆ ಅದು. ಕಣದ ಬಾಗಿಲಲ್ಲಿ ಕಂದಿ ಆ ಜೇಬಿನಿಂದ ತಾನೇ ತಿಂಡಿ ತೆಗೆದುಕೊಳ್ಳಬೇಕು, ಆಮೇಲೆ ಬೆನ್ನು ಕೊಡಬೇಕು. ಕೈಯಿಂದ ಕೊಟ್ಟರೂ ಅದು ಮುಖ ತಿರುಗಿಸಿತು. ಇವಳು ನನ್ನವಳೇ, ಯಾರೋ ಬೇರೆಯವಳೇ ಎನ್ನುವಂತೆ ಹಿಂದೆ ಹಿಂದೆ ಸರಿಯಿತು. ಜೀನಿನ ರಿಕಾಬಿಗೆ ಕಾಲಿಡಲು ಹೋದರೆ ಪಕ್ಕಕ್ಕೆ ಜರುಗಿತು. ಕಣದ ಕಡೆಯಿಂದ ಗಂಟೆ ಬಾರಿಸಿ ಅವಳ ಸರದಿ ಕೂಗಿದರು. ಲಾಯದ ಯಜಮಾನಿ ಲಗಾಮು ಹಿಡಿದುಕೊಂಡಳು. "ಇನ್ನೊಂದು ಸಲ ಕೂಗ್ತಾರೆ ಅಷ್ಟೆ. ಆಗಲೂ ಹೋಗದಿದ್ರೆ ಹೆಸರು ತೆಗೀತಾರೆ ಕಣೇ."

ಹೆಂಡತಿ ಕಟಕಟೆಯತ್ತ ತಿರುಗಿದಳು. ಅವಳ ಮುಖ ಬಿಳಿಚಿಕೊಂಡಿತ್ತು. ಬೈಯಲಿಲ್ಲ. "ರೀ, ಜೇಬು" ಎಂದಳು, ಅಷ್ಟೆ.

ಕಟ್ಟಿಗೆಯಾಗಿದ್ದ ಆ ಕ್ಯಾರೆಟ್ ತುಂಡು ಅವನ ಕಣ್ಣ ಮುಂದೆ ಬಂತು. ಎಷ್ಟೋ ವರ್ಷ ಗೇಟಿನಾಚೆ ನಿಂತ ಕಾಲು ಹೇಗೆ ಕಟಕಟೆ ದಾಟಿತೋ ಅವನಿಗೇ ತಿಳಿಯಲಿಲ್ಲ. ಕೆಸರಿನಲ್ಲೇ ಮಂಡಿಯೂರಿ, ಕಾಲರಿನಿಂದ ಡೊಂಕು ಸೂಜಿ ಕಿತ್ತು ಹೊಲಿಗೆಯನ್ನು ಮೀಟತೊಡಗಿದ. ಒಂದು ಹೊಲಿಗೆ ಬಿಟ್ಟಿತು, ಎರಡು ಬಿಟ್ಟಿತು. ಗಂಟು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ. ಮೇಣದ ದಾರ, ತನ್ನದೇ ಕೈಯ ಗಂಟು.

"ಕತ್ತರಿ ಇಲ್ವೇನೋ?" ಅಕ್ಕ ಕೂಗಿದಳು.

"ಅಂಗಡೀಲಿದೆ!"

"ಹಲ್ಲು ಎಲ್ಲಿದೆ? ಅದೂ ಅಂಗಡೀಲಾ?"

ಅವನು ಬಾಯಿ ಹಾಕಿದ. ಹೆಂಡತಿಯ ಸೊಂಟಕ್ಕೆ ಮುಖ ಒತ್ತಿ ದಾರವನ್ನು ಕಡಿಯುತ್ತಿದ್ದಾಗ ಕುತ್ತಿಗೆಯ ಮೇಲೆ ಬಿಸಿಯುಸಿರು ಬಂತು. ಕಂದಿ ತಲೆ ತಗ್ಗಿಸಿ ಇವನೇನು ಮಾಡುತ್ತಿದ್ದಾನೆಂದು ನೋಡುತ್ತಿತ್ತು. ಅದರ ಮೀಸೆಗೂದಲು ಅವನ ಕಿವಿಗೆ ತಾಗಿತು. ಅವನು ಕಣ್ಣು ಮುಚ್ಚಿ, "ದೇವರೇ, ಇವಳ ತಿಂಡಿ ಇವಳಿಗೆ ಸಿಗಲಿ, ನನ್ನ ಕಿವಿ ನನಗೆ ಉಳಿಯಲಿ" ಎಂದು ಬೇಡಿಕೊಂಡು ಇನ್ನೊಮ್ಮೆ ಕಚ್ಚಿದ. ಗಂಟು ಫಟ್ಟೆಂದಿತು.

ಜೇಬು ಬಾಯಿ ಬಿಟ್ಟಿತು. ಕ್ಯಾರೆಟ್ ಒಳಗಿಳಿಯಿತು. ಅವನು ಪಕ್ಕಕ್ಕೆ ಸರಿಯುವುದಕ್ಕೂ ಪುರಸೊತ್ತು ಕೊಡದೆ ಕಂದಿ ಅವನ ಹೆಗಲ ಮೇಲಿನಿಂದಲೇ ಮೂತಿ ತೂರಿಸಿ ತುಂಡನ್ನು ಎತ್ತಿಕೊಂಡಿತು. ಕಟಕಟನೆ ಜಗಿಯಿತು. ಕಿವಿ ಮುಂದಕ್ಕೆ ಬಂತು. ಎರಡನೆಯ ಸಲ ಸರದಿ ಕೂಗುವ ಹೊತ್ತಿಗೆ ಅದು ಬಂಡೆಯಂತೆ ನಿಂತಿತ್ತು, ಅವಳು ಬೆನ್ನ ಮೇಲಿದ್ದಳು.

ಮೊದಲು ನಡಿಗೆ, ಆಮೇಲೆ ಸಣ್ಣ ಓಟ, ಆಮೇಲೆ ದೊಡ್ಡ ಓಟ. ಕೂತ ಮೈಗೆಂದು ಹೊಲಿದ ಕೋಟು ಎಲ್ಲೂ ಸುಕ್ಕಾಗಲಿಲ್ಲ, ಬೆನ್ನಿನ ಹಿಂದೆ ಒಂದು ಮಡಿಕೆಯೂ ಏಳಲಿಲ್ಲ. ಬಲಜೇಬಿನ ಪಟ್ಟಿಯೊಂದೇ ಮೇಲೆದ್ದು, ಅರ್ಧ ಕಡಿದ ದಾರ ಗಾಳಿಯಲ್ಲಿ ಹಾರಾಡುತ್ತಿತ್ತು. ಕಂದಿ ವಯಸ್ಸು ಮರೆತು ಕತ್ತು ಬಿಲ್ಲಿನಂತೆ ಬಾಗಿಸಿ ಓಡಿತು. ಯಾರೂ ನಗಲಿಲ್ಲ. ಅಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡು, "ಧೂಳು" ಎಂದಳು. ನೆಲವೆಲ್ಲ ಕೆಸರಾಗಿದ್ದುದನ್ನು ಯಾರೂ ಅವಳಿಗೆ ನೆನಪಿಸಲಿಲ್ಲ.

ಪದಕ ಬೇರೆಯವರಿಗೆ ಹೋಯಿತು. ತೀರ್ಪುಗಾರರು ಉಡುಪಿಗೆ ಎಲ್ಲ ಅಂಕವನ್ನೂ ಕೊಟ್ಟು, ಜೇಬಿನ ಸಲುವಾಗಿ ಒಂದನ್ನು ಕಳೆದಿದ್ದರು. ಹೆಂಡತಿ ಅದನ್ನು ಕೇಳಿ ಇಳಿಯುತ್ತಲೇ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ಮನೆಗೆ ಹೋಗಿ ಸರಿ ಮಾಡಿಕೊಡ್ತೀನಿ" ಎಂದ ಅವನು ತಲೆ ತಗ್ಗಿಸಿ.

"ಮುಟ್ಟಿದ್ರೆ ನೋಡಿ. ಹೀಗೇ ಇರಲಿ."

ಕಂದಿ ಬೆವರಿನ ಮುಖವನ್ನು ಅವನತ್ತ ತಂದು ಅಂಗಿಯ ಜೇಬನ್ನು ಮೂಸಿತು. ಅಲ್ಲಿ ಸೀಮೆಸುಣ್ಣ ಮಾತ್ರವಿತ್ತು. ಅವನು ಹಿಂದೆ ಸರಿಯಲಿಲ್ಲ. ಬಿಳಿ ಅಂಗಿಯ ಮೇಲೆ ಕೇಸರಿ ಬಣ್ಣದ ಒದ್ದೆ ಮುದ್ರೆಯೊಂದು ಬಿತ್ತು.

ಆ ವಾರವೇ ಕಂದಿಯನ್ನು ಹಿಂದಿನ ಹುಲ್ಲುಗಾವಲಿಗೆ ಬಿಟ್ಟರು. ರಜೆಯ ದಿನ ಬೆಳಿಗ್ಗೆ ಹೆಂಡತಿ ಹೊರಡುವಾಗ ಅವನು ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ. ಅಂಗಿಗೆ ಬಲಗಡೆ ಹೊಸದೊಂದು ಜೇಬು ಬಂದಿತ್ತು. ಹಳದಿ ಹೂವಿನ ಬಟ್ಟೆಯದು, ಬಾಯಿ ಅಗಲವಾದದ್ದು.

"ಅಲ್ಲ ಕಣೇ, ಮಹಾರಾಣಿಯವರು ಸಿಪ್ಪೆ ತೆಗೆದಿದ್ದು ತಿಂತಾರಾ, ಇಡೀದನ್ನೇ ತಿಂತಾರಾ?" ಎಂದು ಕೇಳಿದ.