ಕಾಣೆಯಾದವರ ಶಕೆ

ನವೆಂಬರ್‌ನ ಒಂದು ಭಾನುವಾರ ಮಧ್ಯಾಹ್ನ, ಜಿಮ್‌ಗೆ ಹೋಗಿಬರುತ್ತೇನೆ ಎಂದು ಹೊರಟ ಸುಹೈಲ್ ವಾಪಸ್ ಬರಲಿಲ್ಲ. ಅವನಿಗೆ ಇಪ್ಪತ್ತೊಂದು ವರ್ಷ. ಫೋನು ಹಾಸಿಗೆಯ ಮೇಲೇ ಬಿದ್ದಿತ್ತು.

ಅದಕ್ಕೆ ಎರಡು ದಿನ ಮೊದಲು ಅವನ ತಂದೆ ಇನಾಯತ್‌ಗೆ ಗೊತ್ತಾಗಿತ್ತು: ಮಗ ಒಂದು ವರ್ಷದಿಂದ ಇಂಜಿನಿಯರಿಂಗ್ ಕ್ಲಾಸಿಗೇ ಹೋಗಿರಲಿಲ್ಲ. ದಿನವೂ ಬ್ಯಾಗ್ ಹಾಕಿಕೊಂಡು ಟ್ರಾಮ್ ಹತ್ತಿ, ಎಲ್ಲೋ ಒಂದು ಲೈಬ್ರರಿಯಲ್ಲಿ ಕೂತು, ಸಂಜೆ ಮನೆಗೆ ಬರುತ್ತಿದ್ದ. ಸ್ವೀಡನ್ನಿಗೆ ಬಂದು ಟೋರ್ಸ್‌ಲಾಂಡದ ಕಾರ್ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ದುಡಿದ ಇನಾಯತ್ ಯಾರ ಮೇಲೂ ದನಿ ಏರಿಸಿದವನಲ್ಲ. ಅವತ್ತೂ ಏರಿಸಲಿಲ್ಲ. "ಸುಳ್ಳು ಹೇಳೋರಿಗೆ ಈ ಮನೇಲಿ ಜಾಗ ಇಲ್ಲ" ಎಂದಷ್ಟೇ ಹೇಳಿದ್ದ.

ಆ ಮಾತನ್ನು ಅವನು ಪೊಲೀಸರ ಮುಂದೆ ಒಪ್ಪಿಕೊಂಡ. ಹಳದಿ ಅಂಗಿ ತೊಟ್ಟು ಹುಡುಕಲು ಬಂದ ಅಪರಿಚಿತ ಸ್ವಯಂಸೇವಕರ ಮುಂದೆಯೂ ಹೇಳಿದ, ಯಾರೂ ಕೇಳದಿದ್ದರೂ. ಅವರು ಸಾಲಾಗಿ ನಿಂತು ಮನೆಯ ಹಿಂದಿನ ಕಾಡನ್ನು, ಕೆರೆಯ ದಂಡೆಯನ್ನು, ನದಿಯ ಬದಿಯ ಹಳೆಯ ಗೋದಾಮುಗಳನ್ನು ಜಾಲಾಡಿದರು. ಮೂರೂವರೆಗೆಲ್ಲ ಕತ್ತಲಾಗುತ್ತಿತ್ತು. ಹತ್ತು ದಿನವಾದರೂ ಒಂದು ಸುಳಿವೂ ಸಿಗಲಿಲ್ಲ. ಅವನ ಬ್ಯಾಂಕ್ ಕಾರ್ಡನ್ನು ಯಾರೂ ಬಳಸಿರಲಿಲ್ಲ.

ಸುಹೈಲನ ಅಕ್ಕ ಅಫ್ಶೀನ್ ಯೂನಿವರ್ಸಿಟಿಯಲ್ಲಿ ಜಪಾನಿನ ಇತಿಹಾಸ ಓದುತ್ತಿದ್ದಳು. ಮಾಸ್ಟರ್ಸ್ ಪ್ರಬಂಧ ಮುಗಿಯುತ್ತ ಬಂದಿತ್ತು. ಅದರ ಪ್ರಿಂಟು ಅಡುಗೆಮನೆಯ ಮೇಜಿನ ಮೇಲೆ ಬಿದ್ದಿದ್ದನ್ನು ಹನ್ನೊಂದನೆಯ ದಿನ ತಾಯಿ ಫೆಹ್ಮಿದಾ ಕೈಗೆತ್ತಿಕೊಂಡಳು. ಚಿತ್ರದುರ್ಗದ ಕನ್ನಡ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಕಾಗದ ಕಂಡರೆ ಓದದೆ ಬಿಡುವವಳಲ್ಲ.

"ರ್ಯಾಕುನಿನ್ ಅಂದ್ರೇನು?" ತಲೆಬರಹ ನೋಡಿ ಕೇಳಿದಳು.

"ಒಂದು ಶಕೆ, ಅಮ್ಮಿ. ಆಗ ಜಪಾನಲ್ಲಿ ಆಸ್ಥಾನದವರು ವರ್ಷಗಳಿಗೆ ಒಂದೊಂದು ಹೆಸರು ಇಡ್ತಿದ್ರು. ಇದು ಸಾವಿರದ ಇನ್ನೂರ ಮೂವತ್ತೆಂಟರ ಚಳಿಗಾಲದ್ದು. ಎರಡೂವರೆ ತಿಂಗಳಷ್ಟೇ ನಡೀತು."

"ಯಾಕೆ ಅಷ್ಟು ಬೇಗ?"

ಅಫ್ಶೀನ್‌ಗೆ ನಿದ್ದೆಯಿರಲಿಲ್ಲ. ಯೋಚಿಸದೆ ಹೇಳಿಬಿಟ್ಟಳು: "ಬರೆಯೋವಾಗ ಒಳ್ಳೆ ಅರ್ಥಾನೇ. ಆದ್ರೆ ಬಾಯಲ್ಲಿ ಹೇಳಿದ್ರೆ 'ಜನ ಇಲ್ಲವಾಗೋದು' ಅನ್ನೋ ಥರ ಕೇಳ್ಸುತ್ತೆ. ಅಪಶಕುನ ಅಂತ ಜನ ಹೆದರಿದ್ರು. ಹೆಸರು ಬದಲಾಯಿಸಿಬಿಟ್ರು."

ಫೆಹ್ಮಿದಾ ಕಾಗದಗಳನ್ನು ನಿಧಾನವಾಗಿ ಕೆಳಗಿಟ್ಟಳು.

"ಒಂದು ವರ್ಷದಿಂದ ಈ ಮನೇಲಿ ಕೂತು ಆ ಹೆಸರು ಹೇಳ್ತಿದ್ದೀಯಾ ನೀನು?"

"ಅಮ್ಮಿ, ಪ್ಲೀಸ್."

"ನಿನ್ನ ತಮ್ಮನಿಗೆ ಮೊದಲು ಇಟ್ಟ ಹೆಸರು ಜಲಾಲುದ್ದೀನ್. ಎರಡು ವರ್ಷ ಒಂದೇ ಸಮ ಜ್ವರ. ಹೆಸರು ಭಾರ ಆಗಿದೆ, ಮಗು ತಡ್ಕೊಳ್ತಿಲ್ಲ ಅಂದ್ರು ದರ್ಗಾದ ಹಜ್ರತ್ತು. ಸುಹೈಲ್ ಅಂತ ಕರೆದ ಮೇಲೇ ಜ್ವರ ಬಿಟ್ಟಿದ್ದು. ಹೆಸರಿಗೆ ಭಾರ ಇರುತ್ತೆ ಬೇಟಾ. ಆ ರಾಜರಿಗೇ ಗೊತ್ತಿತ್ತು, ನಿನಗೆ ಗೊತ್ತಾಗ್ಲಿಲ್ವಾ? ತೆಗೆದುಹಾಕು ಇದನ್ನ."

"ಟೀಚರ್ ಆಗಿದ್ದವರು ಹೀಗೆ ಮಾತಾಡ್ತೀರಾ?" ಎಂದು ಅಫ್ಶೀನ್ ಕಿರುಚಿದಳು. ಎದ್ದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಪೊಲೀಸ್ ಅಧಿಕಾರಿ ಗುನಿಲ್ಲಾ ಬಂದಳು. ಷೂ ಬಿಚ್ಚಿ ಒಳಗೆ ಬಂದು, ಕೂರದೆ ನಿಂತೇ ಮಾತಾಡಿದಳು. ನದಿಯಲ್ಲಿ ಒಬ್ಬ ಯುವಕನ ಶವ ಸಿಕ್ಕಿದೆ. ಮುಖದಿಂದ ಗುರುತು ಹಿಡಿಯುವಂತಿಲ್ಲ. ಡಿಎನ್‌ಎ ಪರೀಕ್ಷೆಗೆ ಸುಹೈಲನ ಟೂತ್‌ಬ್ರಶ್ ಬೇಕು. ಫಲಿತಾಂಶಕ್ಕೆ ಎರಡು ದಿನ ಆಗಬಹುದು.

ಇನಾಯತ್ ಬಚ್ಚಲಿಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಅಫ್ಶೀನ್ ಹೋಗಿ ನೋಡಿದರೆ ನಾಲ್ಕು ಬ್ರಶ್‌ಗಳನ್ನೂ ಕೈಯಲ್ಲಿ ಹಿಡಿದು ನಿಂತಿದ್ದ. "ಅವನದ್ದು ಯಾವುದಮ್ಮ?" ಎಂದ. "ನನಗೆ ಅದೂ ಗೊತ್ತಿಲ್ಲ."

ಆ ಎರಡು ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಫೆಹ್ಮಿದಾ ನಮಾಜಿನ ಚಾಪೆಯ ಮೇಲಿಂದ ಏಳಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಅಫ್ಶೀನ್ ಲ್ಯಾಪ್‌ಟಾಪ್ ತಂದು ಅಮ್ಮನ ಪಕ್ಕ ನೆಲದ ಮೇಲೆ ಕೂತಳು. ತನಗೆ ಇದರಲ್ಲಿ ನಂಬಿಕೆಯಿಲ್ಲ ಎಂದು ಅವಳಿಗೆ ಗೊತ್ತಿತ್ತು. ಶಕೆಯ ಹೆಸರು ಬದಲಾಯಿಸಿದ ಮೂರು ವರ್ಷಕ್ಕೆ ಜಪಾನಿನ ಆಗಿನ ಬಾಲ ಚಕ್ರವರ್ತಿಯೇ ಕಾಲು ಜಾರಿ ಬಿದ್ದು ಸತ್ತಿದ್ದ ಎಂಬುದೂ ಗೊತ್ತಿತ್ತು. ಅದನ್ನು ಅಮ್ಮನಿಗೆ ಹೇಳಲಿಲ್ಲ. ಪ್ರಬಂಧವನ್ನು ಅಳಿಸಿದಳು, ಇಂಟರ್ನೆಟ್ಟಿನಲ್ಲಿಟ್ಟ ಪ್ರತಿಯನ್ನೂ ಅಳಿಸಿದಳು, ಪ್ರಿಂಟನ್ನು ಹರಿದಳು.

"ಆಯ್ತು ಅಮ್ಮಿ. ಇನ್ನಿಲ್ಲ ಅದು."

ಫೆಹ್ಮಿದಾ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು.

ಸಂಜೆ ಗುನಿಲ್ಲಾಳ ಫೋನ್ ಬಂತು. ಶವ ಸುಹೈಲನದ್ದಲ್ಲ. ಫೆಹ್ಮಿದಾ "ಯಾ ಅಲ್ಲಾ, ಶುಕ್ರ್" ಎಂದು ಜೋರಾಗಿ ಅತ್ತಳು. ಆಮೇಲೆ ತಟ್ಟನೆ ಅಳು ನಿಲ್ಲಿಸಿ ಕೇಳಿದಳು: "ಹಾಗಾದ್ರೆ ಅದು ಯಾರ ಮಗ?"

ಡಿಸೆಂಬರ್ ಕಳೆಯಿತು. ಪ್ರೊಫೆಸರ್ ಮೂರು ಸಲ ಬರೆದರು, ಅಫ್ಶೀನ್ ಉತ್ತರಿಸಲಿಲ್ಲ.

ಜನವರಿಯ ಎರಡನೆಯ ವಾರ ಗುನಿಲ್ಲಾ ಮತ್ತೆ ಬಂದಳು. ಈ ಸಲ ಕೂತಳು. ಅವಳ ಸ್ವೀಡಿಷ್ ಮಾತನ್ನು ಅಫ್ಶೀನ್ ಒಂದೊಂದಾಗಿ ಕನ್ನಡಕ್ಕೆ ತಿರುಗಿಸಿ ಅಮ್ಮನಿಗೆ ಹೇಳಿದಳು.

"ಸುಹೈಲ್ ಸಿಕ್ಕಿದ್ದಾನಂತೆ. ಬದುಕಿದ್ದಾನೆ. ಪೊಲೀಸರು ಅವನ ಹತ್ರ ಎದುರೆದುರೇ ಮಾತಾಡಿದ್ದಾರಂತೆ."

"ಎಲ್ಲಿ?" ಇನಾಯತ್ ಆಗಲೇ ಎದ್ದು ಕಾರಿನ ಕೀಲಿ ಹಿಡಿದಿದ್ದ.

ಗುನಿಲ್ಲಾ ಇಲ್ಲವೆಂಬಂತೆ ತಲೆಯಾಡಿಸಿದಳು. ಅವನು ವಯಸ್ಕ. ಎಲ್ಲಿದ್ದೇನೆಂದು ಮನೆಯವರಿಗೆ ಹೇಳಬೇಡಿ, ಹುಡುಕಬೇಡಿ ಎಂದಿದ್ದಾನೆ. ಪೊಲೀಸರ ಮಟ್ಟಿಗೆ ಪ್ರಕರಣ ಮುಗಿಯಿತು.

"ಊಟ ಮಾಡ್ತಿದ್ದಾನಾ ಕೇಳು," ಎಂದಳು ಫೆಹ್ಮಿದಾ.

ಅದನ್ನೂ ಹೇಳುವಂತಿಲ್ಲ ಎಂದಳು ಗುನಿಲ್ಲಾ. ಅವಳ ಕಣ್ಣು ಕೆಂಪಾಗಿತ್ತು.

ಅಂದಿನಿಂದ ಫೆಹ್ಮಿದಾ ಮಗ ಬದುಕಿದ್ದಾನೆ ಎಂದು ನಮಾಜಿನಲ್ಲಿ ಕೃತಜ್ಞತೆ ಹೇಳುತ್ತಾಳೆ, ಎದ್ದ ಮೇಲೆ ಗೋಡೆಗೆ ಒರಗಿ ಸುಮ್ಮನೆ ಕೂತುಬಿಡುತ್ತಾಳೆ. ಇನಾಯತ್ ಪ್ರತಿ ಶನಿವಾರ ರೈಲು ಹತ್ತುತ್ತಾನೆ. ಒಂದು ವಾರ ಸೊಲ್ಲೆಂಟುನಾ, ಇನ್ನೊಂದು ವಾರ ಮತ್ತೊಂದು ಊರು. ಮಾರ್ಚ್‌ನಲ್ಲಿ ಮಾಲ್ಮೋಗೆ ಹೊರಟಾಗ ಅಫ್ಶೀನ್ ಜೊತೆಗೆ ಹೋದಳು. ನಿಲ್ದಾಣದ ಎದುರು, ಸಮುದ್ರದ ಗಾಳಿಗೆ ಮುಖ ಕೊಟ್ಟು ಅವನು ನಾಲ್ಕು ತಾಸು ನಿಂತ. ಅಫ್ಶೀನ್ ತಂದುಕೊಟ್ಟ ಕಾಫಿ ಕೈಯಲ್ಲೇ ಆರಿತು.

"ಅಬ್ಬಾಜಾನ್, ಹುಡುಕಬೇಡಿ ಅಂದಿದ್ದಾನೆ ಅವನು."

"ನಾನು ಹುಡುಕ್ತಿಲ್ಲಮ್ಮ. ಸುಮ್ನೆ ನಿಂತಿದ್ದೀನಿ. ಅವನು ಈ ಕಡೆ ಬಂದ್ರೆ, ಅವನಿಗೆ ನಾನು ಕಾಣಲಿ ಅಂತ."

ಕೋಪನ್‌ಹೇಗನ್ ಕಡೆಯಿಂದ ಇನ್ನೊಂದು ರೈಲು ಬಂತು. ನಿಲ್ದಾಣದ ಬಾಗಿಲುಗಳಿಂದ ಜನ ಹೊರಬರತೊಡಗಿದರು. ಇನಾಯತ್ ಟೋಪಿ ತೆಗೆದು, ಮುಖ ಚೆನ್ನಾಗಿ ಕಾಣುವಂತೆ ಎರಡು ಹೆಜ್ಜೆ ಮುಂದೆ ಹೋಗಿ ನಿಂತ.