ಕ್ಯಾಪ್ಟನ್ ಕರೀಮಸಾಬ

"ಸಾಜಿಯಾ, ಇದರ ಬಣ್ಣ ಯಾರು ಬದಲು ಮಾಡ್ಯಾರ?"

ಟಿವಿಯ ಮುಂದೆ ಚಾಪೆ ಹಾಸಿಕೊಂಡು ಕೂತಿದ್ದ ಕರೀಮಸಾಬ ಆಟದ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು ಕತ್ತು ಮುಂದಕ್ಕೆ ಚಾಚಿದ್ದ. ಬಲಗಣ್ಣಿನ ಪೊರೆ ತೆಗೆಸಿಕೊಂಡು ಹತ್ತು ದಿನವಾಗಿತ್ತು. ಒಂದು ತಿಂಗಳು ಧೂಳಿಗೆ ಹೋಗಬಾರದು, ಭಾರ ಎತ್ತಬಾರದು, ಹತ್ತು ದಿನ ಟಿವಿಯ ಹತ್ತಿರವೂ ಸುಳಿಯಬಾರದು ಎಂದು ಡಾಕ್ಟರು ಹೇಳಿದ್ದರು. ಹತ್ತನೆಯ ದಿನ ಭಾನುವಾರವೇ ಬಿದ್ದಿತ್ತು. ಬೆಳಗಿನ ಚಹಾ ಕುಡಿದವನೇ ಕರೀಮಸಾಬ ತನ್ನ ಹಡಗು ಹತ್ತಿ ಕೂತುಬಿಟ್ಟಿದ್ದ.

ಹಡಗೆಂದರೆ ನೀರಿನದಲ್ಲ, ಆಕಾಶದ್ದು. ಮಗಳು ಸಾಜಿಯಾ ಯಾರದೋ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯನ್ನು ಮನೆಗೆ ತಂದ ಮೇಲೆ ಕೌಲ್ ಬಜಾರಿನ ಈ ಎರಡು ಕೋಣೆಯ ಮನೆಯಿಂದ ದಿನಾ ಸಂಜೆ ಒಂದು ನೌಕೆ ನಕ್ಷತ್ರಗಳ ನಡುವೆ ಹೊರಡುತ್ತಿತ್ತು. ಅದರ ಕ್ಯಾಪ್ಟನ್ ಕರೀಮಸಾಬ. ಈಗ ಪರದೆಯ ಮೇಲೆ ಮೂಗಿಲ್ಲದ, ಬೂದುಬಣ್ಣದ ಒಬ್ಬ ದೂತ ಕೈಜೋಡಿಸಿ ನಿಂತಿದ್ದ. ಅವನ ಗ್ರಹದಲ್ಲಿ ಉಸಿರಾಡುವ ಗಾಳಿ ಮುಗಿಯುತ್ತ ಬಂದಿದೆಯಂತೆ, ಒಂದಿಷ್ಟು ಕೊಡಿರೆಂದು ಬೇಡುತ್ತಿದ್ದ. ಕ್ಯಾಪ್ಟನ್ ಹೇಳಬಹುದಾದ ಎರಡು ಉತ್ತರಗಳು ಕೆಳಗೆ ಇಂಗ್ಲಿಷಿನಲ್ಲಿ, ಎರಡು ಬಣ್ಣದ ಪಟ್ಟಿಗಳ ಮೇಲೆ ಇದ್ದವು. ಯಾವುದನ್ನು ಒತ್ತಿದರೆ ಕಥೆ ಆ ದಾರಿ ಹಿಡಿಯುತ್ತದೆ.

ಕರೀಮಸಾಬನಿಗೆ ಇಂಗ್ಲಿಷ್ ಬಾರದು. ಸಾಜಿಯಾ ಪಕ್ಕದಲ್ಲಿದ್ದರೆ ಓದಿ ಹೇಳುವಳು. ಆದರೆ ಅವಳು ಆನ್‌ಲೈನ್ ಸೆಂಟರಿನ ಕೆಲಸ ಮುಗಿಸಿ ಬರುವುದು ಎಂಟಕ್ಕೆ, ಇವನು ಜೀನ್ಸ್ ಯೂನಿಟ್ಟಿನಿಂದ ಆರಕ್ಕೇ ಮನೆಯಲ್ಲಿರುವವನು. ಆ ಎರಡು ಗಂಟೆಗೆಂದು ಅವಳೇ ಒಂದು ಉಪಾಯ ಹೇಳಿಕೊಟ್ಟಿದ್ದಳು. ತಿಳಿನೀಲಿ ಪಟ್ಟಿ ಕರುಣೆಯ ಮಾತು, ನೇರಳೆ ಪಟ್ಟಿ ಕಟುವಾದ ಮಾತು, ನೋಡಿಕೊಂಡು ಒತ್ತಿದರಾಯಿತು. ಮೂವತ್ತೊಂದು ವರ್ಷ ಜೀನ್ಸ್ ಬಟ್ಟೆ ಕತ್ತರಿಸಿದ ಕಟಿಂಗ್ ಮಾಸ್ತರನಿಗೆ ನೀಲಿ ಯಾವುದೆಂದು ಹೇಳಿಕೊಡಬೇಕೆ! ಎರಡರಲ್ಲಿ ಯಾವುದು ತುಸು ಬೆಳ್ಳಗೆ ಕಂಡಿತೋ ಅದೇ ತಿಳಿನೀಲಿ ಎಂದು ಅವನು ಕಣ್ಣುಮುಚ್ಚಿ ಒತ್ತುತ್ತ ಬಂದಿದ್ದ.

"ಯಾರೂ ಬದಲು ಮಾಡಿಲ್ಲಪ್ಪಾ, ಮೊದಲಿಂದ್ಲೂ ಹಿಂಗ ಐತಿ," ಎಂದು ಸಾಜಿಯಾ ಕೂದಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಬಂದಳು.

"ಮೊದ್ಲು ಎರಡೂ ಒಂದಾ ನಮೂನಿ ಇದ್ವು. ಈಗ ನೋಡು, ಇದೊಂದು ಬದನಿಕಾಯಿ ಕಂಡಂಗ ಕಾಣ್ತೈತಿ."

"ಅದಾ ನೇರಳೆ."

"ಇದು ತಿಳಿನೀಲಿ ಅಲ್ಲೇನು?"

"ಅಲ್ಲ. ತಿಳಿನೀಲಿ ಇದು." ಅವಳು ಇನ್ನೊಂದು ಪಟ್ಟಿಯ ಮೇಲೆ ಬೆರಳಿಟ್ಟಳು.

ಕರೀಮಸಾಬ ಹೊಸ ಕಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೂ ಪೊರೆಯಿದ್ದ ಎಡಗಣ್ಣಿನಿಂದ ನೋಡಿದ. ಎರಡೂ ಪಟ್ಟಿಗಳು ಮಾಸಲು ಬೂದಿ ಬಣ್ಣದವು, ನೇರಳೆಯೇ ತುಸು ಬೆಳ್ಳಗೆ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಬಣ್ಣ. ನಂಬಿಕೆ ಬಾರದೆ ಮೂರು ನಾಲ್ಕು ಸಲ ಹಾಗೇ ಮಾಡಿದ.

"ನಾ ಇಲ್ಲೀತನ ಯಾವುದು ಒತ್ತೀನಿ, ನೋಡಾಕ ಬರ್ತೈತೇನು?"

ಸಾಜಿಯಾ ರಿಮೋಟು ಇಸಿದುಕೊಂಡು ಕ್ಯಾಪ್ಟನ್ನನ ಪೂರ್ವಾಪರವೆಲ್ಲ ಬರೆದಿರುವ ಪುಟ ತೆರೆದಳು. "ಕಟುಮಾತು ನಲವತ್ತೆಂಟು. ಕರುಣೆ ಐದು. ಆ ಐದು ನಾ ಓದಿ ಹೇಳಿದಾಗ ಒತ್ತಿದ್ದು." ಅವಳಿಗೆ ನಗು ಬಂತು. "ನೀ ಬೇಕಂತಾನ ಹಂಗ ಆಡ್ತಿ ಅಂದ್ಕಂಡಿದ್ದೆ. ನಮ್ಮ ಸೆಂಟರ್‌ನ್ಯಾಗ ಎಲ್ಲರಿಗೂ ಹೇಳೀನಿ, ನಮ್ಮಪ್ಪ ಮನ್ಯಾಗ ಬೆಕ್ಕಿಗೂ ಛೀ ಅನ್ನಂಗಿಲ್ಲ, ಹಡಗಿನ್ಯಾಗ ಮಾತ್ರ ಹುಲಿ ಅಂತ."

ಅಡುಗೆಮನೆಯಿಂದ ಬಾನುಬೀ ಕೂಡ ನಕ್ಕಳು. ನಗದೆ ಏನು ಮಾಡಿಯಾಳು, ಎರಡು ತಿಂಗಳಿಂದ ಗಂಡನ ಗೋಳು ಕೇಳಿದವಳು ಅವಳೇ ತಾನೆ. ಹಡಗಿನ ನಾಲ್ಕು ಕೈಯ ಎಂಜಿನಿಯರ್ ಅರ್ಧದಾರಿಯಲ್ಲಿ ಹೇಳದೆ ಕೇಳದೆ ಇಳಿದು ಹೋಗಿದ್ದ. ಸಹಾಯ ಮಾಡಲು ಹೋದ ಊರಿನವರು ಬಾಗಿಲು ಹಾಕಿಕೊಂಡಿದ್ದರು. ಅಡುಗೆ ಮಾಡುವ ಯಂತ್ರ ಕೂಡ ಕ್ಯಾಪ್ಟನ್ ಬಂದರೆ ಮಾತು ನಿಲ್ಲಿಸುತ್ತಿತ್ತು. ಎಷ್ಟು ಪ್ರೀತಿಯಿಂದ ಮಾತಾಡಿಸಿದರೂ ಈ ಮಂದಿಗೆ ನಿಯತ್ತಿಲ್ಲ ಎಂದು ಕರೀಮಸಾಬ ಊಟದ ಹೊತ್ತಿಗೆ ದಿನಾ ಬೈಯುತ್ತಿದ್ದ. ಈಗ ಅವನಿಗೂ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ, ಕಣ್ಣಿಗೆ ಹಾಕಿದ ಔಷಧ ಹರಿದು ಕೆನ್ನೆಗೆ ಬರುವಷ್ಟು ನಕ್ಕ. ಆಮೇಲೆ ಒಮ್ಮೆಲೇ ನಿಲ್ಲಿಸಿದ.

"ಬಾನು, ಯೂನಿಟ್‌ನ್ಯಾಗ ಕೊಟ್ಟಿದ್ದ ಆ ಪ್ಯಾಂಟ್ ಎಲ್ಲಿಟ್ಟೀದಿ?"

ಆ ಪ್ಯಾಂಟಿನ ಕಥೆ ಯೂನಿಟ್ಟಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮೂರು ತಿಂಗಳ ಹಿಂದೆ ಆರುನೂರು ಪ್ಯಾಂಟು ಹೊಲಿದು ತೊಳೆಯಲು ಕಳಿಸಿದ್ದರು. ತಿರುಗಿ ಬಂದಾಗ ಒಂದು ಕಾಲು ಕಡುನೀಲಿ, ಇನ್ನೊಂದು ಕಾಲು ಪೇಲವ. ಜೀನ್ಸ್ ಬಟ್ಟೆಯ ಥಾನುಗಳೆಲ್ಲ, ಅಂದರೆ ಸುರುಳಿಗಳೆಲ್ಲ, ಒಂದೇ ನೀಲಿ ಇರುವುದಿಲ್ಲ. ಅವನ್ನು ಬಾಗಿಲ ಬೆಳಕಿಗೆ ಹಿಡಿದು ಬಣ್ಣ ಕೂಡುವವನ್ನು ಒಂದು ಗುಂಪು ಮಾಡುವುದು ಮಾಸ್ತರನ ಕೆಲಸ. ಕತ್ತರಿಸಿದ ತುಂಡುಗಳಿಗೆ ಆಯಾ ಗುಂಪಿನ ನಂಬರಿನ ಚೀಟಿ ಅಂಟಿಸುವುದು ಪಾರಮ್ಮನ ಕೆಲಸ. ತಪ್ಪು ಇಬ್ಬರಲ್ಲಿ ಒಬ್ಬರದು. ಥಾನು ಹಾಸುವಾಗಲೇ ಪಾರಮ್ಮ, "ಮಾಸ್ತರ್ರೇ, ಇವೆರಡು ಕೂಡಂಗಿಲ್ರಿ," ಎಂದಿದ್ದಳು. "ನನಗ ನೀಲಿ ಕಲಿಸಾಕ ಬಂದ್ಯೇನು?" ಎಂದು ಇವನು ನಕ್ಕು ಕತ್ತರಿಸುವ ಯಂತ್ರ ಚಾಲು ಮಾಡಿದ್ದ. ಮಾಲು ಕೆಟ್ಟಾಗ ಚೀಟಿ ಅದಲುಬದಲಾಗಿದೆ ಎಂದು ಆಣೆ ಮಾಡಿ ಹೇಳಿದ. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಕನಸಿನಲ್ಲೂ ಅನ್ನಿಸಿರಲಿಲ್ಲ. ಮಾಲೀಕ ಚನ್ನಬಸವರಾಜ ನಲವತ್ತು ಮಂದಿಯ ಎದುರಿಗೆ ಪಾರಮ್ಮನಿಗೆ, "ಕಣ್ಣು ಕಾಣಂಗಿಲ್ಲೇನು ನಿನಗ?" ಎಂದು ಕೂಗಿ ಕೆಲಸದಿಂದ ಬಿಡಿಸಿದ. ಬಣ್ಣ ತಿಳಿಯದ ಹೆಂಗಸು ಎಂಬ ಹೆಸರು ಬಜಾರಿನ ತುಂಬ ಹಬ್ಬಿ, ಬೇರೆ ಯೂನಿಟ್ಟಿನವರೂ ಅವಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಬಾನುಬೀ ಪೆಟ್ಟಿಗೆಯ ತಳದಿಂದ ಪ್ಯಾಂಟು ತಂದಳು. ಕರೀಮಸಾಬ ಅದನ್ನು ಅಂಗಳದ ಬಿಸಿಲಿನಲ್ಲಿ ಹಗ್ಗದ ಮೇಲೆ ಹರವಿದ. ಬಲಗಣ್ಣು ಮುಚ್ಚಿದ: ಒಂದೇ ಪ್ಯಾಂಟು, ಎರಡು ಕಾಲು. ಎಡಗಣ್ಣು ಮುಚ್ಚಿದ: ಇಬ್ಬರು ಬೇರೆ ಬೇರೆ ಮನುಷ್ಯರ ಪ್ಯಾಂಟನ್ನು ಹರಿದು ನಡುವೆ ಹೊಲಿದ ಹಾಗಿತ್ತು. ಮಾಲು ತಿರುಗಿ ಬಂದ ದಿನವೂ ಅವನಿಗೆ ಅಂಥ ವ್ಯತ್ಯಾಸವೇನೂ ಕಂಡಿರಲಿಲ್ಲ. ಎಲ್ಲರೂ ಕೆಟ್ಟಿದೆ ಎಂದರು, ಮಾಸ್ತರನಾದವನು ಕಾಣುವುದಿಲ್ಲ ಎನ್ನಲಾದೀತೆ? ಅವನೂ ಕೆಟ್ಟಿದೆ ಎಂದಿದ್ದ. ಈಗ ಅದು ನೆನಪಾಯಿತು. ಇಷ್ಟು ನಾಚಿಕೆ ಅವನಿಗೆ ಜೀವಮಾನದಲ್ಲಿ ಎಂದೂ ಆಗಿರಲಿಲ್ಲ.

"ಅಪ್ಪಾ, ಹಿಂದಿನ ಸೇವ್ ಹಾಕ್ಲೇನು?" ಒಳಗಿನಿಂದ ಸಾಜಿಯಾ ಕೇಳಿದಳು. "ಆಟ ಮೊದಲಿನ ಜಾಗಕ್ಕ ಹೋಗ್ತೈತಿ. ಎಂಜಿನಿಯರ್ ವಾಪಸ್ ಬರ್ತಾನ, ಯಾರಿಗೂ ಏನೂ ನೆನಪಿರಂಗಿಲ್ಲ."

"ಬ್ಯಾಡ. ಆ ದೂತನಿಗೆ ಗಾಳಿ ಕೊಟ್ಟು ಟಿವಿ ಆರಿಸು," ಎಂದ ಕರೀಮಸಾಬ. ದೂತ ಇನ್ನೂ ಕೈಜೋಡಿಸಿಕೊಂಡೇ ನಿಂತಿದ್ದ.

ಅಂಗಳದಿಂದಲೇ ಚನ್ನಬಸವರಾಜನಿಗೆ ಫೋನು ಹಚ್ಚಿ ಎಲ್ಲ ಹೇಳಿದ.

"ಮಾಸ್ತರ್, ಆದದ್ದು ಆತು. ಈಗ್ಯಾಕ ಅದನ್ನ ಎತ್ತಾಡ್ತೀರಿ?" ಎಂದ ಚನ್ನಬಸವರಾಜ. "ನಿಮ್ಮ ಕಣ್ಣಿನ ಮ್ಯಾಲ ನಮ್ಮ ಯೂನಿಟ್ ನಿಂತೈತಿ. ಮಾಸ್ತರ್‌ಗೆ ಬಣ್ಣ ಕಾಣ್ತಿದ್ದಿಲ್ಲಂತ ಹೊರಗ ಗೊತ್ತಾದ್ರ ನಾಳಿ ಆರ್ಡರ್ ಕೊಡೋರು ಯಾರು? ನಿಮಗ ಮಾಸ್ತರ್ ಅನ್ನೋರು ಯಾರು? ಆಕಿಗೆ ಏನಾರ ಕೊಟ್ಟು ಕಳಸಾಣ, ಸುಮ್ನಿರ್ರಿ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕರೀಮಸಾಬನ ಹತ್ತಿರ ಇದ್ದ ಆಸ್ತಿಯೆಂದರೆ ಆ ಹೆಸರೊಂದೇ. ಬಜಾರಿನಲ್ಲಿ ನಡೆದರೆ ಚಹಾದಂಗಡಿಯವರು ಎದ್ದು ನಿಂತು ಮಾಸ್ತರ್ ಬರ್ರಿ ಎನ್ನುತ್ತಿದ್ದರು. ಅದು ಹೋಗುವುದೆಂದರೆ ಅವನಿಗೆ ಹೆದರಿಕೆಯಾಯಿತು, ನಿಜವಾಗಿಯೂ ಆಯಿತು. ಆದರೆ ಹೆದರಿಕೆಗಿಂತ ಅವನಲ್ಲಿ ಹುಂಬತನ ಒಂದು ಹಿಡಿ ಜಾಸ್ತಿಯೇ ಇತ್ತು. ಅದೇ ಹುಂಬತನದಿಂದ ಥಾನು ಕತ್ತರಿಸಿದ್ದ, ಅದರಿಂದಲೇ ಈಗ, "ನಾ ನಾಳಿ ಪಾರಮ್ಮನ ಊರಿಗೆ, ಬಾದನಹಟ್ಟಿಗೆ ಹೋಗ್ತೀನ್ರಿ," ಎಂದು ಫೋನು ಇಟ್ಟ.

ಮರುದಿನ ಬಾನುಬೀ ಧೂಳು ಧೂಳು ಎಂದು ಬಾಯಿ ಬಡಿದುಕೊಳ್ಳುತ್ತಿದ್ದಂತೆ ಕಪ್ಪು ಕನ್ನಡಕ ಹಾಕಿಕೊಂಡು ಆ ದಾರಿಯ ಕುರುಗೋಡಿನ ಬಸ್ಸು ಹತ್ತಿದ. ಬಾದನಹಟ್ಟಿಯಲ್ಲಿ ಪಾರಮ್ಮನ ಮನೆ ಕೇಳಿದರೆ ಊರ ಹೊರಗಿನ ಕಣ ತೋರಿಸಿದರು. ಒಣಮೆಣಸಿನಕಾಯಿಯ ಕೆಂಪು ರಾಶಿಗಳ ನಡುವೆ ಹೆಂಗಸರು ಸಾಲಾಗಿ ಕೂತು ಕಾಯಿ ಆರಿಸುತ್ತಿದ್ದರು. ಬಣ್ಣ ಬಿಟ್ಟು ಬಿಳುಚಿಕೊಂಡ ತಾಲುಗಾಯಿ ಒಂದು ಕಡೆ, ಒಳ್ಳೆಯದು ಇನ್ನೊಂದು ಕಡೆ. ಘಾಟಿಗೆ ಹೆದರಿ ಕರೀಮಸಾಬ ದೂರದ ಬೇವಿನ ಮರದ ಕೆಳಗೇ ನಿಂತ. ಪಾರಮ್ಮ ಅವನನ್ನು ಕಂಡು ಗುರುತು ಹಿಡಿದು, ಅವಸರವೇನೂ ಇಲ್ಲದೆ ಕೈಯಲ್ಲಿದ್ದ ಮೊರದ ಕಾಯಿ ಕೇರಿ ಮುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ಪಾರಮ್ಮ, ಅವತ್ತ ತಪ್ಪು ನಂದು," ಎಂದ ಕರೀಮಸಾಬ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಉಳಿದ ಮಾತುಗಳು ಬಾಯಿಗೆ ಬರಲಿಲ್ಲ. "ನನ್ನ ಕಣ್ಣಿಗೆ ಪೊರಿ ಬಂದಿತ್ತು. ಎರಡು ನೀಲಿ ನನಗ ಒಂದಾ ಕಂಡಿದ್ವು. ನೀ ಅಂಟಿಸಿದ ಚೀಟಿ ಸರಿ ಇದ್ವು."

ಪಾರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಇದನ್ನ ಹೇಳಾಕ ಬಸ್ ಹತ್ತಿ ಇಲ್ಲೀತನ ಬಂದ್ರೇನು?" ಎಂದಳು. "ನನಗ ಅವತ್ತಾ ಗೊತ್ತಿತ್ತಲ್ರಿ ಮಾಸ್ತರ್ರೇ. ಗೊತ್ತಿಲ್ಲದೋರು ಅಲ್ಲಿ ಅದಾರ."

"ಅಲ್ಲೇ ಹೇಳ್ತೀನಿ. ನಿನ್ನ ಎದುರಿಗೆ ಹೇಳಬೇಕು ಅಂತ ಕರ್ಯಾಕ ಬಂದೀನಿ."

"ಹೇಳಾಕ ಆಕ್ಕೈತೇನು ನಿಮಗ?"

"ಆಕ್ಕೈತಿ."

ಅವಳು ರಾಶಿಯ ಕಡೆ ತಿರುಗಿ ನೋಡಿದಳು. "ಇವತ್ತ ಬರಾಕ ಆಗಂಗಿಲ್ಲ. ಈ ಕಾಯಿ ಆರಿಸಿ ಕೊಡ್ತೀನಂತ ಒಪ್ಕಂಡೀನಿ. ನಾಳಿ ಎಂಟರ ಬಸ್ಸಿಗೆ ಬರ್ತೀನಿ," ಎಂದು ಹೇಳಿ ತನ್ನ ಜಾಗಕ್ಕೆ ಹೋಗಿ ಕೂತಳು. ಕೂಡ್ರಿ ಎನ್ನಲಿಲ್ಲ, ನೀರು ಬೇಕೇ ಎನ್ನಲಿಲ್ಲ. ಕರೀಮಸಾಬನೂ ಅದನ್ನು ಬಯಸಿ ಬಂದಿರಲಿಲ್ಲ.

ಮಂಗಳವಾರ ಹತ್ತು ಗಂಟೆಗೆ ಪಾರಮ್ಮ ಯೂನಿಟ್ಟಿನ ಮೆಟ್ಟಿಲು ಹತ್ತಿ ಬಂದಾಗ ಕರೀಮಸಾಬ ಬಾಗಿಲಲ್ಲೇ ಕಾಯುತ್ತಿದ್ದ. ಅವಳನ್ನು ಕಂಡ ನಾಲ್ಕೈದು ಹೊಲಿಗೆ ಯಂತ್ರಗಳು ತಾವಾಗಿಯೇ ನಿಂತವು. ಚನ್ನಬಸವರಾಜ ಗಡಬಡಿಸಿ ಎದ್ದು ಬಂದ.

"ಮಾಸ್ತರ್, ಒಳಗ ಬರ್ರಿ, ಕ್ಯಾಬಿನ್‌ನ್ಯಾಗ ಕುಂತು ಮಾತಾಡಾಣ."

"ಆಕಿಗೆ ಕ್ಯಾಬಿನ್‌ನ್ಯಾಗ ಬೈದಿದ್ದಿಲ್ಲಲ್ರಿ," ಎಂದ ಕರೀಮಸಾಬ. ಎಂದವನೇ ಹೋಗಿ ಗೋಡೆಯ ದೊಡ್ಡ ಸ್ವಿಚ್ಚು ಆರಿಸಿದ. ನಲವತ್ತು ಯಂತ್ರಗಳ ಸದ್ದು ನಿಂತು, ಕೆಳಗಿನ ರಸ್ತೆಯ ಆಟೋಗಳ ಹಾರ್ನ್ ಕೇಳತೊಡಗಿತು.

"ಆ ಆರುನೂರು ಪ್ಯಾಂಟು ಕೆಡಿಸಿದವ ನಾನು. ಈಕಿ ಅಲ್ಲ. ಥಾನು ಹಾಸಾಗ ಬಣ್ಣ ಕೂಡಂಗಿಲ್ಲ ಅಂತ ಈಕಿ ಹೇಳಿದ್ಲು, ನಾ ಕೇಳಲಿಲ್ಲ. ನನಗ ಕಾಣ್ತಿದ್ದಿಲ್ಲ, ಕಾಣ್ತಿಲ್ಲ ಅನ್ನೋದೂ ನನಗ ಗೊತ್ತಿದ್ದಿಲ್ಲ. ಪಾರಮ್ಮ, ತಪ್ಪಾತು. ನೀವೆಲ್ಲ ಹೊರಗ ಹೋದಾಗ ನಾಕು ಮಂದಿಗೆ ಹಿಂಗ ಹೇಳ್ರಿ."

ಚನ್ನಬಸವರಾಜ ಕೆಮ್ಮಿ, ಪಾರಮ್ಮನ ಮುಖ ನೋಡದೆ, "ನಾಳಿಯಿಂದ ಕೆಲಸಕ್ಕ ಬಾರಮ್ಮ," ಎಂದ.

"ನೋಡ್ತೀನ್ರಿ," ಎಂದಳು ಪಾರಮ್ಮ. ಅವಳು ಹೊರಡಲು ತಿರುಗಿದಳು.

ಬಾಗಿಲ ಪಕ್ಕದಲ್ಲಿ, ಕರೀಮಸಾಬನ ಬದಲಿಗೆ ಕತ್ತರಿ ಹಿಡಿದಿದ್ದ ಮಹಮ್ಮದ್ ಗೌಸ್ ಅಂದು ಹಾಸಿ ಕತ್ತರಿಸಲೆಂದು ಹನ್ನೊಂದು ಥಾನು ಒಟ್ಟಿದ್ದ. ದಾಟಿಕೊಂಡು ಹೋಗುತ್ತಿದ್ದ ಪಾರಮ್ಮ ನಿಂತಳು. ಒಂದೊಂದೇ ಥಾನಿನ ಅಂಚು ಮಗುಚಿ ನೋಡುತ್ತ ಬಂದು ಏಳನೆಯದರ ಮೇಲೆ ಕೈಯಿಟ್ಟಳು.

"ಇದು ಬ್ಯಾರೆ ಐತಿ."

ಗೌಸ್ ಮಾಸ್ತರನ ಮುಖ ನೋಡಿದ. ಕರೀಮಸಾಬ ಆ ಅಂಚನ್ನೂ ಪಕ್ಕದ ಥಾನಿನ ಅಂಚನ್ನೂ ಬಾಗಿಲ ಬೆಳಕಿಗೆ ಎಳೆದು, ಕಪ್ಪು ಕನ್ನಡಕ ತೆಗೆದು, ಹೊಸ ಕಣ್ಣನ್ನು ಹತ್ತಿರ ಒಯ್ದು ನೋಡಿದ. ಸಾಕಷ್ಟು ಹೊತ್ತು ನೋಡಿದ. ಎರಡರಲ್ಲಿ ಅವನಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

"ತಗದು ಬ್ಯಾರೆ ಇಡು," ಎಂದ.

ಗೌಸ್ ಥಾನನ್ನು ಹೆಗಲಿಗೇರಿಸಿಕೊಂಡು ಹೋಗಿ, ಎದುರು ಗೋಡೆಗೆ ಒಂಟಿಯಾಗಿ ನಿಲ್ಲಿಸಿದ.