ಬಾಗಾ ತಗ್ಗಿಂದಿ

"ಬಾಗಾ ತಗ್ಗಿಂದಿ ಸಾರ್," ಎಂದಳು ಅನಸೂಯಾ. ಅಷ್ಟರಲ್ಲಿ ಅವಳನ್ನು ಯಾರೋ ಕರೆದರು. ಫೋನು ಕಡಿದುಹೋಯಿತು.

ಪರವಾಡದ ಔಷಧ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಿಂತಿದ್ದ ಭೀಮಸೇನನಿಗೆ ಅಷ್ಟು ತೆಲುಗು ಸಾಕಾಗಿತ್ತು. ಚೆನ್ನಾಗಿ ತಗ್ಗಿದೆ. ಡೆಂಗಿಯೆಂದು ವಿಜಯವಾಡದಲ್ಲಿ ಆಸ್ಪತ್ರೆ ಸೇರಿದ್ದ ಹೆಂಡತಿ ಹೇಮಾಕ್ಷಿ ಗುಣವಾಗುತ್ತಿದ್ದಾಳೆ. ಅವಳ ಬ್ಯಾಂಕಿನ ಗೆಳತಿ ಈ ಅನಸೂಯಾ ಜೊತೆಗಿದ್ದಾಳೆ. ಸಂಜೆಯ ರೈಲು ಹತ್ತುವ ಅಗತ್ಯವಿಲ್ಲ.

ಟಿಕೆಟ್ ರದ್ದುಮಾಡಿದ. ಮೈ ಹಗುರವಾಯಿತು. ಅದು ಅವಳ ಜ್ವರ ಇಳಿದದ್ದಕ್ಕೋ, ಮಂಚದ ಪಕ್ಕ ಕೂತು ಮಾತು ಹುಡುಕುವುದು ತಪ್ಪಿದ್ದಕ್ಕೋ ಎಂದು ವಿಚಾರಿಸಲು ಹೋಗಲಿಲ್ಲ. ವರ್ಗವಾಗಿ ಅವಳು ಅಲ್ಲಿ, ನೌಕರಿಗಾಗಿ ಇವನು ಇಲ್ಲಿ. ಮದುವೆ ಈ ವ್ಯವಸ್ಥೆಗೆ ಒಗ್ಗಿಕೊಂಡಿತ್ತು.

ಮಧ್ಯಾಹ್ನವೆಲ್ಲ ಪ್ರಯೋಗಾಲಯದಲ್ಲಿ, ಮಾತ್ರೆಗಳು ನೀರಿನಲ್ಲಿ ಕರಗುವುದನ್ನು ನೋಡುತ್ತ ನಿಂತ.

ಮನೆಗೆ ಹೊರಟ ಕಂಪನಿ ಬಸ್ಸಿನಲ್ಲಿರುವಾಗ ಹೇಮಾಕ್ಷಿಯೇ ಫೋನ್ ಮಾಡಿದಳು.

"ರೈಲು ಹತ್ತಿದ್ರೇನ್ರಿ?"

"ಜ್ವರ ಇಳದದ ಅಂದ್ಲಲ್ಲ, ಅನಸೂಯಾ..."

"ಜ್ವರ ಇಳದದ. ಆಕಿ ಹೇಳಿದ್ದು ಪ್ಲೇಟ್‌ಲೆಟ್. ಭಾಳ ಕಡಿಮಿ ಆಗ್ಯಾವ ಅಂತ."

ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೇ ರಕ್ತ ಹೆಪ್ಪುಗಟ್ಟಿಸುವ ಆ ಕಣಗಳು ಕುಸಿಯುತ್ತವೆ. ಅಪಾಯ ಶುರುವಾಗುವುದು ಆಗಲೇ. ಔಷಧಶಾಸ್ತ್ರ ಓದಿದವನಿಗೆ ಇದು ಗೊತ್ತಿರಬೇಕಿತ್ತು. ಗೊತ್ತಿತ್ತು.

"ಹಲ್ಲು ತಿಕ್ಕಿದ್ರ ರಕ್ತ ನಿಲ್ಲವಲ್ದು," ಎಂದಳು. "ಕೈತುಂಬ ಕೆಂಪು ಚುಕ್ಕಿ. ಒತ್ತಿದ್ರೂ ಹೋಗಂಗಿಲ್ಲ."

"ಹೌದೇನು."

"ಇಷ್ಟು ವರ್ಷಾತು, ತೆಲುಗು ಇನ್ನೂ ಬರಂಗಿಲ್ಲ ನಿಮಗ." ನಗಲು ಹೋಗಿ ಕೆಮ್ಮಿದಳು. "ಬರತೀರೋ ಇಲ್ಲೋ?"

"ಟಿಕೆಟ್ ನೋಡ್ತೀನಿ... ಬಸ್ಸಿನ್ಯಾಗ ಇದೀನಿ."

"ಆ ಬಸ್ಸು ಎಲ್ಲೂ ನಿಲ್ಲಂಗಿಲ್ಲೇನು?"

ನಿಂತೇ ಇತ್ತು. ಕೂರ್ಮನ್ನಪಾಲೆಂನಲ್ಲಿ, ಬಾಗಿಲು ತೆರೆದುಕೊಂಡು. ರಸ್ತೆಯ ಆಚೆ ಬದಿಗೆ ವಿಜಯವಾಡದ ಸರ್ಕಾರಿ ಬಸ್ಸೊಂದು ಜನರನ್ನು ಹತ್ತಿಸಿಕೊಳ್ಳುತ್ತಿತ್ತು. ಕಂಡಕ್ಟರ್ ಊರಿನ ಹೆಸರನ್ನು ಬೇಸರದಿಂದ ಕೂಗುತ್ತಿದ್ದ.

"ಹಲೋ? ಕೇಳಸ್ತದೇನ್ರಿ?"

ಕೇಳಿಸುತ್ತಿತ್ತು. ದೂರದಲ್ಲಿ, ಉಕ್ಕಿನ ಕಾರ್ಖಾನೆಯ ಹೊಗೆಗೊಳವೆಗಳ ತುದಿಯಲ್ಲಿ ಕೆಂಪು ದೀಪಗಳು ಹೊತ್ತಿಕೊಳ್ಳತೊಡಗಿದ್ದವು. ಒಂದರ ಮೇಲೆ, ಕಿಟಕಿಯ ಗಾಜಿನ ಈಚೆಯಿಂದ, ಹೆಬ್ಬೆರಳಿಟ್ಟು ಒತ್ತಿದ. ಉಗುರು ಬೆಳ್ಳಗಾಗುವವರೆಗೆ ಒತ್ತಿ ಹಿಡಿದ.

ಬೆರಳು ತೆಗೆದಾಗ ದೀಪ ಅಲ್ಲೇ ಇತ್ತು. ಸುತ್ತ ಇನ್ನಷ್ಟು ಎದ್ದಿದ್ದವು.